ಸ್ಟೇರಿಂಗ್ ನಡುಕ

ನನ್ನ ಗಂಡ ಹೊಸದುರ್ಗದ ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ಬಾಡಿಗೆ ಕಾರು ಇಟ್ಟುಕೊಂಡವರು. ತುಂಬು ಬಸುರಿಯರನ್ನು ಚಿತ್ರದುರ್ಗದ ಆಸ್ಪತ್ರೆಗೆ ಕರೆದೊಯ್ಯಬೇಕಾದರೆ ಜನ ಇವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಹೊಳಲ್ಕೆರೆ ದಾರಿಯ ಒಂದೊಂದು ಗುಂಡಿಯೂ ಇವರಿಗೆ ಗೊತ್ತು. ಹಿಂದಿನ ಸೀಟಿನಲ್ಲಿ ನಿದ್ದೆ ಹೋದವರಿಗೆ ಊರು ಬರುವವರೆಗೆ ಎಚ್ಚರವಾಗುತ್ತಿರಲಿಲ್ಲ. ಅಂಥ ಕೈಯ ಬಗ್ಗೆ ಒಂದು ದಿನ ಮಾತು ಬಂತು. ನಮ್ಮ ಬೀದಿಯ ಹೆಂಗಸೊಬ್ಬರು ಇವರ ಕಾರಿನಲ್ಲಿ ಮಗಳನ್ನು ಆಸ್ಪತ್ರೆಗೆ ತೋರಿಸಿಕೊಂಡು ಬಂದವರೇ ನಮ್ಮ ಬಾಗಿಲಲ್ಲಿ ನಿಂತು, "ನಿಮ್ ಯಜಮಾನ್ರ ಕೈ ನಡುಗ್ತಾ ಐತೆ, ಒಸಿ ನೋಡ್ಕಳ್ರಿ," ಅಂದರು. ನನಗೆ ಮೈ ಉರಿದುಹೋಯಿತು. "ರೋಡ್ ನೋಡೋದ್ ಬಿಟ್ಟು ಅವ್ರ ಕೈ ಯಾಕ್ರಿ ನೋಡಾಕೋದ್ರಿ?" ಎಂದು ಕೇಳಿಯೇಬಿಟ್ಟೆ.

ಸಂಜೆ ಇವರನ್ನು ಕೇಳಿದರೆ, "ನನ್ ಕೈ ಅಲ್ಲ ಕಣೇ, ಸ್ಟೇರಿಂಗ್. ಎಂಬತ್ತು ದಾಟಿದ್ರೆ ನಡುಗ್ತೈತೆ," ಅಂದರು. ನಂಬಿದೆ. ನಂಬದೆ ಇನ್ನೇನು ಮಾಡಲಿ? ಊಟಕ್ಕೆ ಕೂತಾಗ ತುತ್ತು ಬಾಯಿ ಸೇರುವಷ್ಟರಲ್ಲಿ ಅರ್ಧ ಅನ್ನ ತಟ್ಟೆಗೆ ಉದುರುವುದನ್ನು ನಾನೂ ನೋಡಿದ್ದೆ. ದಿನವಿಡೀ ನಡುಗುವ ಸ್ಟೇರಿಂಗ್ ಹಿಡಿದ ಕೈಗೂ ಅದೇ ಚಾಳಿ ಅಂಟಿಕೊಂಡಿರಬೇಕು, ಗಾಡಿ ಸರಿಯಾದರೆ ಕೈಯೂ ಸರಿಯಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಡಾಕ್ಟರ ಹತ್ತಿರ ಹೋಗೋಣ ಎಂಬ ಮಾತನ್ನು ಇವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಾಯಿಬಿಟ್ಟು ಹೇಳಿದರೆ ಎಲ್ಲಿ ನಿಜವಾಗಿಬಿಡುತ್ತದೋ ಎಂಬ ಭಯ ನನಗೆ.

ಮೊದಲು ಊರಿನ ಮೆಕ್ಯಾನಿಕ್‌ಗೆ ತೋರಿಸಿದೆವು. ಅವನು ಕಾರನ್ನು ಸಂತೆ ಬೀದಿಯಲ್ಲಿ ಒಂದು ಸುತ್ತು ಹೊಡೆಸಿಕೊಂಡು ಬಂದು ಏನೂ ಇಲ್ಲ ಅಂದ. ಆ ಬೀದಿಯಲ್ಲಿ ಕುರಿ, ಬೈಕು, ತೆಂಗಿನಕಾಯಿ ತುಂಬಿದ ಟೆಂಪೋಗಳ ನಡುವೆ ಅಪ್ಪನಾಣೆಗೂ ಮೂವತ್ತರ ಮೇಲೆ ಹೋಗಲಾಗದು. ಇನ್ನು ಎಂಬತ್ತರ ರೋಗ ಅವನಿಗೆ ಹೇಗೆ ಕಾಣಬೇಕು? ನನಗೆ ಕಾರು ಕಲಿಸಿದವರು ಇವರೇ. ಒಂದು ಭಾನುವಾರ ಇವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಹಿರಿಯೂರಿನ ಹೈವೇ ಕಡೆಗೆ ಹೊರಟೆ.

ಹೈವೇ ಹತ್ತಿದ ಮೇಲೆ ಎಪ್ಪತ್ತರವರೆಗೆ ಕಾರು ತೆಪ್ಪಗಿತ್ತು. ಎಂಬತ್ತು ದಾಟಿತು ನೋಡಿ, ಸ್ಟೇರಿಂಗ್ ನನ್ನ ಎರಡೂ ಅಂಗೈಯಲ್ಲಿ ಗಡಗಡ ನಡುಗಿತು. ಆಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಕಾರು ಕೆಟ್ಟಿದೆ ಎಂದು ಹಿಗ್ಗಿದವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

"ಹೌದು ರೀ, ನಡುಗ್ತೈತೆ," ಅಂದೆ.

"ಮತ್ತೆ, ನಾನೇನ್ ಸುಳ್ಳು ಹೇಳ್ತಿದ್ನಾ?" ಎಂದು ಇವರು ಕಿಟಕಿಯ ಕಡೆ ತಿರುಗಿದರು. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು.

ಹೈವೇ ಪಕ್ಕದ ಟೈರ್ ಅಂಗಡಿಯವನಿಗೆ ವಿಷಯ ಹೇಳಿದೆ. "ನಡುಗೋದು ಸ್ಟೇರಿಂಗಾ ಅಕ್ಕ, ಸೀಟಾ?" ಎಂದು ಕೇಳಿದ. ಸ್ಟೇರಿಂಗ್ ಅಂದೆ. "ಹಂಗಾದ್ರೆ ಮುಂದಿನ ಚಕ್ರ. ಬ್ರೇಕ್ ಒತ್ತಿದ್ರೆ ಜಾಸ್ತಿ ಆಗ್ತೈತಾ?" ಇಲ್ಲ ಅಂದೆ. ಮುಂದಿನ ಚಕ್ರಗಳನ್ನು ಬಿಚ್ಚಿದ. ಎಡಗಡೆಯ ಚಕ್ರದ ಒಳಬದಿಯಲ್ಲಿ ಎರೆಮಣ್ಣು ಮುದ್ದೆಗಟ್ಟಿ ಒಣಗಿತ್ತು. ಮಳೆಗಾಲದಲ್ಲಿ ಯಾವುದೋ ಹೊಲದ ದಾರಿಗೆ ಬಾಡಿಗೆ ಹೋಗಿದ್ದರಂತೆ. ಚಕ್ರದ ತೂಕ ಸರಿದೂಗಿಸಲು ರಿಮ್ಮಿಗೆ ಹಾಕಿದ್ದ ಸೀಸದ ತುಂಡೂ ಕಿತ್ತುಹೋಗಿತ್ತು. ಅವನು ಮಣ್ಣು ಕೆರೆದು, ಚಕ್ರವನ್ನು ಮಿಷನ್ನಿಗೆ ಹಾಕಿ ತಿರುಗಿಸಿ, ಹೊಸ ತುಂಡು ಹೊಡೆದ. "ಇಷ್ಟ್ ಮಣ್ಣು ಅಷ್ಟು ಕುಣಿಸ್ತಿತ್ತಾ?" ಅಂದೆ. "ನಿಧಾನಕ್ ಹೋಗೋವಾಗ ಗೊತ್ತಾಗಲ್ಲಕ್ಕ. ಸ್ಪೀಡ್ ಏರಿದ್ಮೇಲೇ ಅದು ಆಟ ತೋರ್ಸೋದು," ಅಂದ.

ಅಲ್ಲಿಂದ ಐಮಂಗಲದ ಕಡೆ ಓಡಿಸಿದೆ. ಎಂಬತ್ತು ದಾಟಿ ತೊಂಬತ್ತಕ್ಕೆ ಹೋದರೂ ಸ್ಟೇರಿಂಗ್ ಮಿಸುಕಲಿಲ್ಲ. ಇಷ್ಟು ದಿನ ಸುಮ್ಮನೆ ಹೆದರಿ ಸತ್ತೆನಲ್ಲ ಎಂದು ನಗು ಬಂತು. ರಸ್ತೆ ಬದಿಗೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, "ಇನ್ ನೀವು ಓಡಿಸ್ರಿ, ಹೆಂಗೈತೆ ನೋಡ್ರಿ," ಎಂದು ಇಳಿದೆ. ಇವರು ಸುತ್ತಿ ಬಂದು ನನ್ನ ಜಾಗದಲ್ಲಿ ಕೂತರು, ನಾನು ಪಕ್ಕದ ಸೀಟಿನಲ್ಲಿ ಕೂತೆ. ಸೀಟು ಹಿಂದಕ್ಕೆ ಸರಿಸಿಕೊಂಡರು, ಕನ್ನಡಿ ಸರಿಮಾಡಿಕೊಂಡರು, ಎರಡೂ ಕೈಗಳನ್ನು ಸ್ಟೇರಿಂಗ್ ಮೇಲೆ ಇಟ್ಟರು.

ಕೀಲಿಯನ್ನು ಇನ್ನೂ ತಿರುಗಿಸಿರಲಿಲ್ಲ. ಬಲಗೈಯ ಉಂಗುರ ಸ್ಟೇರಿಂಗಿಗೆ ತಾಗಿ ಟಿಕಟಿಕ ಅನ್ನತೊಡಗಿತು. ಇವರು ಕೈ ತೆಗೆದು, ಷರ್ಟಿಗೆ ಒರೆಸಿಕೊಂಡು, ಮತ್ತೆ ಗಟ್ಟಿಯಾಗಿ ಹಿಡಿದರು. ಮತ್ತೆ ಅದೇ ಸದ್ದು. ಲಾರಿಯೊಂದು ಅಬ್ಬರಿಸಿಕೊಂಡು ಹೋಯಿತು. ಅದು ದೂರವಾದ ಮೇಲೂ ಉಂಗುರ ಸುಮ್ಮನಾಗಲಿಲ್ಲ. ಗಾಳಿಗೆ ಕಾರು ಅಲ್ಲಾಡ್ತಿದೆ ಅನ್ನೋಣ, ಲಾರಿಗೆ ಅದುರಿತು ಅನ್ನೋಣ ಎಂದುಕೊಂಡರೆ ನಾಲಿಗೆ ಹೊರಳಲಿಲ್ಲ.

ಇವರು ತಮ್ಮ ಕೈಗಳನ್ನೊಮ್ಮೆ ನೋಡಿಕೊಂಡರು. ಆಮೇಲೆ ಬಾಗಿಲು ತೆಗೆದು ಇಳಿದರು.

"ಗಾಡಿ ಸರಿ ಹೋಗೈತೆ ಕಣೇ," ಅಂದರು. "ನೀನೇ ಕುಂತ್ಕ."