ಉಲ್ಟಾ ಪ್ಲಗ್ಗಿಗೆ ಬೆದರದ ಪೆಟ್ಟಿಗೆ

ಬೆಳಗಿನ ಐದೂಮುಕ್ಕಾಲು. ದರ್ಜಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಆಗಲೇ ಬೆಸುಗೆಯ ಹೊಗೆ. ಕನ್ನಡಕವನ್ನು ಮೂಗಿನ ತುದಿಗಿಳಿಸಿಕೊಂಡ ಹೆಂಗಸೊಬ್ಬರು ಅಂಗೈಯಗಲದ ಪೆಟ್ಟಿಗೆಯೊಳಗೆ ಅಕ್ಕಿಕಾಳಿನಷ್ಟು ಕಪ್ಪು ತುಂಡೊಂದನ್ನು ಕೂರಿಸುತ್ತಿದ್ದಾರೆ. ಪೆಟ್ಟಿಗೆ, ಗಿಟಾರ್ ನುಡಿಸುವವರು ಕಾಲಲ್ಲಿ ಒತ್ತಿ ನಾದ ಬದಲಿಸುವ ಪೆಡಲ್. ಕಪ್ಪು ತುಂಡು ಡಯೋಡ್. ಓಣಿಯವರು ಆಕೆಯನ್ನು ಕರೆಯುವುದೂ ‘ಡಯೋಡಕ್ಕ’ ಎಂದೇ.

“ಇವನು ಬಾಗಿಲು ಕಾಯೋನು. ಕರೆಂಟು ನೆಟ್ಟಗೆ ಬಂದ್ರೆ ಒಳಗೆ ಬಿಡ್ತಾನೆ, ಉಲ್ಟಾ ಬಂದ್ರೆ ‘ನಡಿ ಆಚೆ’ ಅಂತಾನೆ. ಒಂಚೂರು ವೋಲ್ಟೇಜ್ ತಿಂತಾನೆ. ತಿನ್ಲಿ ಬಿಡಿ, ಕಾವಲು ಕಾಯೋನಿಗೂ ಹೊಟ್ಟೆ ಇರತ್ತಲ್ಲ?”

ರೇಡಿಯೊ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದ ಕೈ ಅದು. ಕಾರ್ಖಾನೆ ಮುಚ್ಚಿದ ಮೇಲೆ, ಗಿಟಾರ್ ನುಡಿಸುವ ತಮ್ಮನಿಗೆಂದು ಮೊದಲ ಪೆಡಲ್ ಮಾಡಿದರು. ಡಯೋಡ್ ಹಾಕಿರಲಿಲ್ಲ. ಕಾರ್ಯಕ್ರಮದ ದಿನ ತಮ್ಮ ಅವಸರದಲ್ಲಿ ಕೀಬೋರ್ಡಿನ ಅಡಾಪ್ಟರ್ ಚುಚ್ಚಿದ. ಅದೇ ಒಂಬತ್ತು ವೋಲ್ಟು, ಅದೇ ಗಾತ್ರದ ಪಿನ್ನು. ಪ್ಲಸ್ಸು ಮೈನಸ್ಸು ಮಾತ್ರ ಅದಲುಬದಲು. ತುಂಬಿದ ಸಭೆಯೆದುರು ಪೆಟ್ಟಿಗೆ ಹೊಗೆಯಾಡಿತು. “ನಿನ್ನ ಡಬ್ಬ ನಂಬಿ ಮಾನ ಕಳ್ಕೊಂಡೆ” ಎಂದವನು ಹನ್ನೊಂದು ವರ್ಷ ಅಕ್ಕನ ಪೆಡಲ್ ಮುಟ್ಟಲಿಲ್ಲ.

“ತಪ್ಪು ಚುಚ್ಚಿದ್ದು ಅವನೇ. ಆದ್ರೆ ಅವಸರದಲ್ಲಿ ಹಂಗೆ ಚುಚ್ತಾರೆ ಅಂತ ನನಗೆ ಹೊಳೀಬೇಕಿತ್ತು.”

ಅಂದಿನಿಂದ ವಾರಕ್ಕೆ ಐದೇ ಪೆಡಲ್. ಪ್ರತಿಯೊಂದಕ್ಕೂ ತಾವೇ ಬೇಕೆಂದು ಉಲ್ಟಾ ಕರೆಂಟು ಕೊಟ್ಟು ಹತ್ತು ನಿಮಿಷ ಕಾಯುತ್ತಾರೆ. ಬದುಕಿದರಷ್ಟೇ ಅದು ಹೊಸ್ತಿಲು ದಾಟುತ್ತದೆ. ಈ ಬೆಳಗಿನದನ್ನು ಬೆಸುಗೆ ಮುಗಿಸಿ ಮೂರು ಸಲ ಪರೀಕ್ಷಿಸುತ್ತಾರೆ. ಅಂಗಡಿಯಲ್ಲಿ ಕೊಂಡ ಮೂರನೆಯ ಪೆಡಲೂ ಕೆಟ್ಟ ಮೇಲೆ, ಮಾಡಿಕೊಡು ಎಂದು ತಮ್ಮನೇ ಹೇಳಿಕಳುಹಿಸಿದ್ದು ಇದು.

ಏಳಕ್ಕೆ ತಮ್ಮ ಗಿಟಾರ್ ಹೊತ್ತು ಬರುತ್ತಾನೆ. ಜೇಬಿನಿಂದ ತೆಗೆಯುವುದು ಅದೇ ಕೀಬೋರ್ಡಿನ ಅಡಾಪ್ಟರ್.

“ಇನ್ನೂ ಇಟ್ಕೊಂಡಿದೀಯೇನೋ ಆ ಶನೀನ?”

“ಸುಮ್ನಿರೇ ಅಕ್ಕ.”

ಚುಚ್ಚುತ್ತಾನೆ. ದೀಪ ಹತ್ತುವುದಿಲ್ಲ, ಹೊಗೆಯೂ ಇಲ್ಲ. ಅಕ್ಕ ಗಡಿಯಾರ ನೋಡುತ್ತಾರೆ, ತಮ್ಮ ಪೆಟ್ಟಿಗೆಯನ್ನು ಮೂಸುತ್ತಾನೆ. ಹತ್ತು ನಿಮಿಷದ ಬಳಿಕ ಸರಿಯಾದ ಅಡಾಪ್ಟರ್ ಹಾಕಿದಾಗ ಕೆಂಪು ದೀಪ ಬೆಳಗುತ್ತದೆ. ತಂತಿ ಮೀಟಿದರೆ ಕೋಣೆ ತುಂಬ ನಾದ.

“ಗಟ್ಟಿ ಜೀವ ಕಣೇ, ನಿನ್ನ ಹಂಗೇ.”

“ನಿನ್ನಂಥೋನ ಕೈಗೆ ಕೊಡೋದಲ್ವಾ, ಗಟ್ಟಿ ಇರ್ಲೇಬೇಕು.”

ಮುನಿಸಿಕೊಂಡು ಹೋದವರನ್ನು ಎಳೆದು ತರುವುದು ಯಾರಿಂದಲೂ ಆಗದು. ಅವರೇ ತಾವಾಗಿ ಬಾಗಿಲಿಗೆ ಬಂದರೆ ಅದು ದೇವರ ದಯೆ.

ತಮ್ಮ ಗಿಟಾರನ್ನು ಬಗಲಿಗೇರಿಸಿ, ಪೆಡಲ್ ಹಿಡಿದು ಹೊರಡುತ್ತಾನೆ, ಹಳೆಯ ಅಡಾಪ್ಟರನ್ನು ಮೇಜಿನ ಮೇಲೇ ಬಿಟ್ಟು. ಮುಂದಿನ ಪೆಟ್ಟಿಗೆಗಳ ಪರೀಕ್ಷೆಗೆ ಇರಲಿ ಎಂದು ಆಕೆ ಅದನ್ನು ಮೊಳೆಗೆ ನೇತುಹಾಕುತ್ತಾರೆ.

“ಶನಿವಾರ ನುಡಿಸ್ತಾನಂತೆ. ಮುಂದಿನ ಸಾಲಲ್ಲೇ ಕೂರು ಅಂದ. ನಾನು ಹಿಂದೇನೇ ಕೂರ್ತೀನಿ. ಕೊನೇವರೆಗೂ ಕೇಳಿಸಿದ್ರೆ ಸಾಕು.”