ಹತ್ತರಲ್ಲಿ ಎರಡು

ಅಯ್ಯ ತಂಗಿ, ಆ ಕೌದಿಯನ್ನು ಟ್ರಂಕಿಗೆ ಹಾಕಬೇಡ, ಇಲ್ಲೇ ನನ್ನ ಕಾಲ ಹತ್ತಿರ ಇರಲಿ. ಅದು ಸಾವಳಗಿಯ ಶಿವಗಂಗವ್ವನದು. ನಡುವೆ ಹಸಿರು ತುಂಡು ಇದೆಯಲ್ಲ, ಅದು ಅವಳ ಮದುವೆಯ ಇಳಕಲ್ ಸೀರೆಯದು. ಪಕ್ಕದ್ದು ಅವಳ ಅತ್ತೆಯದು. ಅತ್ತೆ ಒಳ್ಳೆಯವಳೇ, ಬಾಯಿ ಮಾತ್ರ ಖಾರ. ಇರಲಿ.

ಶಿವಗಂಗವ್ವ ಮೂರು ಮಕ್ಕಳನ್ನೂ ಸೆರಗು ಕಚ್ಚಿಕೊಂಡೇ ಹೆತ್ತವಳು. ಪಡಸಾಲೆಯಲ್ಲಿ ಕುಳಿತ ಗಂಡಸರಿಗೆ ಕೂಸಿನ ಅಳು ಕೇಳಬೇಕೇ ಹೊರತು ಸೊಸೆಯ ದನಿ ಕೇಳಬಾರದು. ಆ ಮನೆಯ ರೀತಿ ಅದು. ಗಂಡ ತೀರಿಕೊಂಡ ಮೇಲೆ ಅವನ ಅಣ್ಣ ಚನಮಲ್ಲಪ್ಪನೇ ಮನೆಗೆ ಹಿರಿಯ. ಭಾವ ಎದುರು ಬಂದರೆ ಅವಳ ಸೆರಗು ತಲೆಯ ಮೇಲೆ, ಮಾತು ಗಂಟಲೊಳಗೆ.

ಹೋದ ವರ್ಷ ಅವಳ ಹೃದಯದ ಕವಾಟ ಕೆಟ್ಟಿತು. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಎದೆಯ ಮೂಳೆ ಸೀಳಿ ಹೊಸ ಕವಾಟ ಹಾಕಿದರು. ವಾರ್ಡಿಗೆ ತಂದ ದಿನ ಚನಮಲ್ಲಪ್ಪ ತಲೆಗೆ ಪಟಗಾ ಸುತ್ತಿಕೊಂಡು ಮಂಚದ ಪಕ್ಕದಲ್ಲೇ ಕುಳಿತಿದ್ದ. ನರ್ಸ್ ಮಧುಮತಿ ಬಂದು ಕೇಳಿದಳು.

"ಅಮ್ಮಾರ, ನೋವು ಹತ್ತರಾಗ ಎಷ್ಟೈತ್ರಿ? ಸೊನ್ನಿ ಅಂದ್ರ ಏನೂ ಇಲ್ಲ, ಹತ್ತಂದ್ರ ತಡಕೊಳ್ಳಾಕ ಆಗಂಗಿಲ್ಲ."

ಶಿವಗಂಗವ್ವನ ಎದೆಯ ಮೇಲೆ ಬೀಸುಕಲ್ಲು ತಿರುಗುತ್ತಿತ್ತು. ಭಾವನೇ ನಕ್ಕು ಉತ್ತರ ಕೊಟ್ಟ. "ನಮ್ಮ ಮನಿ ಹೆಣ್ಮಕ್ಕಳು ನೋವು ಗೀವು ಅನ್ನಂಗಿಲ್ರಿ, ಬಾಯಾರ."

"ಎರಡು" ಎಂದಳು ಶಿವಗಂಗವ್ವ, ಸೆರಗಿನೊಳಗಿಂದ.

ಎರಡಕ್ಕೆ ತಕ್ಕಷ್ಟೇ ಔಷಧಿ ಬಂತು. ಕೆಮ್ಮಿ ಕಫ ತೆಗೆಯಿರಿ ಎಂದರೆ ಅವಳು ಕೆಮ್ಮಿದಂತೆ ನಟಿಸಿದಳು. ನಿಜಕ್ಕೂ ಕೆಮ್ಮಿದರೆ ಕೂಗು ಹೊರಬೀಳುತ್ತಿತ್ತು. ಮೂರನೆಯ ದಿನ ಜ್ವರ ಏರಿ ಉಸಿರು ಗೊರಗೊರ ಎಂದಿತು. ಮಧುಮತಿ ಹೊದಿಕೆ ಸರಿಸಿ ನೋಡಿದರೆ ಕಾಲ್ಬೆರಳೆಲ್ಲ ಬಿಗಿಯಾಗಿ ಮಡಚಿದ್ದವು. ಹುಡುಗಿ ಬೆರಕಿ, ಬಲು ಜಾಣೆ. "ಅಜ್ಜಾರ, ಒಂದ್ ಕಪ್ ಚಹಾ ತರ್ರಿ" ಎಂದು ಚನಮಲ್ಲಪ್ಪನನ್ನು ಹೊರಗೆ ಕಳಿಸಿದಳು.

"ಈಗ ಖರೆ ಹೇಳ್ರಿ."

"ಒಂಬತ್ತೈತವ್ವಾ."

"ಮೊದಲ ಯಾಕ ಹೇಳಲಿಲ್ರಿ?"

"ಅವರು ಕುಂತಿದ್ರಲ್ಲ."

ಕೂಡಲೇ ಸೂಜಿ ಚುಚ್ಚಿದರು. ಅವಳು ಮನೆಯಿಂದ ತಂದಿದ್ದ ಈ ಕೌದಿಯನ್ನೇ ದಿಂಬಿನಂತೆ ಮಡಚಿ ಎದೆಗೆ ಒತ್ತಿ ಹಿಡಿಸಿ ಕೆಮ್ಮಿಸಿದರು. ಆದರೆ ತಡವಾಗಿತ್ತು, ಒಂದು ಶ್ವಾಸಕೋಶದ ಸುತ್ತ ಕೀವು ತುಂಬಿತ್ತು. ಮರುದಿನ ಪಕ್ಕೆಲುಬುಗಳ ನಡುವೆ ಕೊಳವೆ ಹಾಕುವಾಗ ಅವಳು ಕೂಗಿದಳು, ಮೂರು ಹೆರಿಗೆಯ ಕೂಗನ್ನೂ ಸೇರಿಸಿ. ಬಾಗಿಲಲ್ಲಿ ನಿಂತಿದ್ದ ಚನಮಲ್ಲಪ್ಪ ಮಧುಮತಿಗೆ ಅಂದದ್ದು ಇಷ್ಟು: "ಊರಿಂದ ನೋಡಾಕ ಬರ್ತಾರ್ರಿ, ಅವ್ರ ಮುಂದ ಈಕಿ ಕೂಗಿದ್ದನ್ನ ಅನಬ್ಯಾಡ್ರಿ."

ಒಂದೇ ಸಲಕ್ಕೆ ಕೂತು ಐವತ್ತು ರೊಟ್ಟಿ ಬಡಿಯುತ್ತಿದ್ದವಳು ಈಗ ಮೂರು ಬಡಿದು ಗೋಡೆಗೆ ಒರಗುತ್ತಾಳೆ. ಹೊರಗೆ ಕಟ್ಟೆಯ ಮೇಲೆ ಭಾವ ಇನ್ನೂ ಹೇಳುತ್ತಲೇ ಇದ್ದಾನೆ, "ಎದಿ ಸೀಳಿದ್ರೂ ನಮ್ಮ ಮನಿ ಸೊಸಿ ಅಯ್ಯೋ ಅನ್ನಲಿಲ್ಲೋ!" ಕೇಳಿದವರು ತಲೆದೂಗುತ್ತಾರೆ. ಹೊರಗೆ ಬಂದು ಅದು ಸುಳ್ಳು ಎನ್ನಲು ಅವಳಿಗೆ ಉಸಿರು ಸಾಲದು.

ಸೋಮವಾರ ಚಿಕ್ಕಪಡಸಲಗಿಯ ಮರೆವ್ವನಿಗೆ ಇದೇ ಆಪರೇಷನ್ ಇದೆ. ಅವಳ ಜೊತೆ ಹೋಗುವವನು ಅವಳ ಮಾವ. ಅದಕ್ಕೇ ಶಿವಗಂಗವ್ವ ಈ ಕೌದಿಯನ್ನು ಒಗೆದು ಕಳಿಸಿದ್ದಾಳೆ. ನಾಳೆ ಜಮಖಂಡಿ ಸ್ಟ್ಯಾಂಡಿನಿಂದ ಮೊದಲ ಬಸ್ಸಿಗೇ ಅವಳ ಊರಿಗೆ ಹೋಗು ತಂಗಿ. ಕೌದಿಯನ್ನು ಮರೆವ್ವನ ಕೈಗೇ ಕೊಡು. ಆಸ್ಪತ್ರೆಯಲ್ಲಿ ಮಾವನನ್ನು ಏನಾದರೂ ತರಲು ಹೊರಗೆ ಕಳಿಸಿ, ನರ್ಸು ಕೇಳಿದಾಗ ಇದ್ದ ನಂಬರನ್ನೇ ಹೇಳು ಎಂದು ಅವಳ ಕಿವಿಯಲ್ಲಿ ಹೇಳಿ ಬಾ.