ನಮ್ಮ ಮನೆಯ ಫೋನಿಗೆ ಬಂದ ವರ

ನನಗೆ ಐವತ್ತೆರಡು ವರ್ಷ. ಕೊರಳಲ್ಲಿ ತಾಳಿ ಇದೆ, ಅದನ್ನು ಕಟ್ಟಿದವರು ಪಡಸಾಲೆಯಲ್ಲಿ ಅಡಕೆ ಕತ್ತರಿಸುತ್ತ ಕೂತಿದ್ದಾರೆ. ಇಂಥ ನನಗೆ ಹೋದ ತಿಂಗಳು ಫೋನು ಗಂಡು ತೋರಿಸತೊಡಗಿತು.

ಮುಂಜಾನೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ವಚನ ಹಚ್ಚೋಣವೆಂದು ಫೋನು ತೆರೆದರೆ, 'ನಿಮ್ಮ ಹತ್ತಿರದಲ್ಲೇ ಒಬ್ಬರು ನಿಮಗಾಗಿ ಕಾಯುತ್ತಿದ್ದಾರೆ' ಎಂಬ ಜಾಹೀರಾತು. ಕೆಳಗೆ ಮೀಸೆ ತಿದ್ದಿಕೊಂಡ ಒಬ್ಬ ಮನುಷ್ಯನ ನಗು. ಹತ್ತಿರ ಅಂದರೆ ಎಲ್ಲಿ? ನಮ್ಮ ಮಿಶ್ರಿಕೋಟಿಯಲ್ಲಿ ನನಗೆ ಗೊತ್ತಿಲ್ಲದ ಮೀಸೆ ಇಲ್ಲ.

ಯಜಮಾನರಿಗೆ ತೋರಿಸಿದೆ. ಅವರು ಅಡಕೆಯಿಂದ ಕಣ್ಣೆತ್ತಲಿಲ್ಲ. "ಹೋಗೂದಿದ್ರ ಎರಡು ದಿನಕ್ಕಾಗೂವಷ್ಟು ರೊಟ್ಟಿ ಬಡದಿಟ್ಟು ಹೋಗು" ಎಂದರು.

ಕಲಘಟಗಿಗೆ ಹೋದಾಗ ಮೊಬೈಲ್ ಅಂಗಡಿಯವನನ್ನು ಕೇಳಿದೆ. "ನೀವು ಏನ ಒತ್ತತೀರಿ, ಅದನ್ನ ನೋಡಿ ಕಳಸ್ತಾರ್ರಿ ಅಕ್ಕಾರ. ಮೊಣಕಾಲ ನೋವು ಅಂದವ್ರಿಗೆ ಎಣ್ಣಿ, ಮದಿವಿ ಅಂದವ್ರಿಗೆ ಗಂಡು" ಎಂದ. ನಾನು ಒತ್ತಿದ್ದು ಮೊಣಕಾಲು ಮಾತ್ರ. ಅದೂ ಒಂದೇ ನೋಯುತ್ತದೆ, ಎರಡಲ್ಲ, ಶಿವನ ದಯೆ. ಎಣ್ಣೆಯ ಜಾಹೀರಾತೂ ಬಂದಿತ್ತು. ಹಾಗಾದರೆ ಈ ಗಂಡು ಯಾರ ಪಾಲಿನದು?

ಮನೆ ನೋಡಿ ಸರಕು ತೋರಿಸುವ ವಿದ್ಯೆಯೇನೂ ಹೊಸದಲ್ಲ. ನಮ್ಮೂರಿಗೆ ಬರುವ ಬಳೆಗಾರ ಕಾಕಾ ಯಾರ ಮನೆಯಲ್ಲಿ ಬಸುರಿ, ಯಾರ ಮನೆಯಲ್ಲಿ ಹೊಸ ಸೊಸೆ ಎಂದು ತಿಳಿದುಕೊಂಡೇ ಪೆಟ್ಟಿಗೆ ತೆರೆಯುತ್ತಾನೆ. ಬಸುರಿಗೆ ಹಸಿರು, ಸೊಸೆಗೆ ಚುಕ್ಕೆಯವು, ನನ್ನಂಥವಳಿಗೆ ರೊಟ್ಟಿ ಬಡಿದರೂ ಒಡೆಯದ ದಪ್ಪನೆಯವು. ನನ್ನ ನಾದಿನಿ, ಯಜಮಾನರ ತಂಗಿ ಗೌರಿ ಬಂದು ನಿಂತರೆ ಮಾತ್ರ ಮುಚ್ಚಳ ಹಾಕಿ ಮಳೆಯ ಮಾತು ತೆಗೆಯುತ್ತಾನೆ. ಗೌರಿಗೆ ಮೂವತ್ತೆಂಟು. ಗಂಡ ತೀರಿಕೊಂಡು ಆರು ವರ್ಷವಾಯಿತು, ಅಂದಿನಿಂದ ನಮ್ಮ ಮನೆಯಲ್ಲೇ ಇದ್ದಾಳೆ. ಮಧ್ಯಾಹ್ನ ನಾನು ಅಡ್ಡಾದಾಗ ಫೋನು ಅವಳ ಕೈಯಲ್ಲಿರುತ್ತದೆ.

ನಿಮಗೆ ಇಷ್ಟರಲ್ಲೇ ತಿಳಿದಿರಬೇಕು. ನನಗೆ ಹದಿನೈದು ದಿನ ಹಿಡಿಯಿತು.

ಒಂದು ದಿನ ಫೋನು ಟಣ್ ಎಂದಿತು. ತೆರೆದರೆ ಜೊತೆ ಹುಡುಕುವವರ ಜಾಲತಾಣ, ಅದರಲ್ಲಿ ಗೌರಿಯ ಹೆಸರು, ಹಿತ್ತಲಿನ ದಾಸವಾಳದ ಮುಂದೆ ನಾನೇ ತೆಗೆದ ಅವಳ ಫೋಟೊ. ಮೊರಬ ಊರಿನವರೊಬ್ಬರು ಬರೆದಿದ್ದರು. ಟ್ರ್ಯಾಕ್ಟರ್ ರಿಪೇರಿ ಮಾಡುವವರಂತೆ, ಹೆಂಡತಿ ಇಲ್ಲವಂತೆ. ಬರೆದದ್ದು ಇಷ್ಟೇ: "ಊಟ ಆತೇನ್ರಿ?"

ಅಳಿಸಿಬಿಡಲೆಂದು ಬೆರಳು ಹೋಯಿತು. ಯಜಮಾನರು ನೋಡಿದರೆ? ಆ ಮನುಷ್ಯ ಮೋಸಗಾರನಾದರೆ? ಮಂದಿ ಏನಂದಾರು? ಇವೆಲ್ಲದರ ನಡುವೆ ಇನ್ನೊಂದು ಪ್ರಶ್ನೆ ಅಡ್ಡ ಬಂದು ನಿಂತಿತು. ಗೌರಿ ನಮಗೆಲ್ಲ ನೀಡಿ ಕೊನೆಗೆ ಉಣ್ಣುತ್ತಾಳೆ. ಆರು ವರ್ಷದಲ್ಲಿ ಊಟ ಆಯಿತೇ ಎಂದು ನಾನು ಅವಳನ್ನು ಎಷ್ಟು ಸಲ ಕೇಳಿದ್ದೇನೆ? ಒಂದೂ ನೆನಪಾಗಲಿಲ್ಲ. ದೇವರಿಗೆ ಒಂದು ದಿನವೂ ನೈವೇದ್ಯ ತಪ್ಪಿಸದವಳು ನಾನು.

ಫೋನನ್ನು ಅವಳ ಮುಂದಿಟ್ಟೆ.

"ತಪ್ಪಾತ್ರಿ ವೈನಿ. ಜಾಹೀರಾತು ಬಂತು, ಸುಮ್ನ ಒತ್ತಿದೆ."

"ಒತ್ತಿದ್ದು ಇರಲಿ. ಊಟ ಆತೇನಂತ ಕೇಳಿದವ್ರಿಗೆ ಉತ್ತರ ಕೊಡಬೇಕವಾ. ಆದ್ರ ಭೆಟ್ಟಿ ಆಗೂದಿದ್ರ ಒಬ್ಬಾಕಿನ ಹೋಗಬ್ಯಾಡ, ನಾನೂ ಬರ್ತೀನಿ."

"ಅಣ್ಣಗ ಗೊತ್ತಾದ್ರ?"

"ನಾ ಹೇಳ್ತೀನಿ. ಹೋಳಗಿ ಮಾಡಿದ ದಿನ. ಹೋಳಗಿ ಉಂಡಾಗ ಅವ್ರಿಗೆ ಸಿಟ್ಟು ಬರೂದಿಲ್ಲ."

ಹೇಳಿದ್ದೇನೋ ಹೇಳಿದೆ, ಸರಿಯೋ ತಪ್ಪೋ ಇವತ್ತಿಗೂ ಗೊತ್ತಾಗಿಲ್ಲ. ಪೂಜೆಯಲ್ಲಿ ಕೂತು ದಿನಾ ಕೇಳುತ್ತೇನೆ. ಶಿವ ಸುಮ್ಮನಿದ್ದಾನೆ. ಜಾಹೀರಾತಿನವರು ಸುಮ್ಮನಿರುವವರಲ್ಲ. ಮೀಸೆಯವರು ಬರುವುದು ನಿಂತು ಈಗ ಬಳೆಗಳು ಬರುತ್ತಿವೆ, ಹಸಿರು, ಕೆಂಪು, ಚುಕ್ಕೆಯವು. ಗೌರಿ ಗಂಡನನ್ನು ಕಳೆದುಕೊಂಡವಳೆಂದು ಆ ಫೋನಿಗೆ ಗೊತ್ತಿಲ್ಲವೋ, ಗೊತ್ತಿದ್ದೂ ಮುಚ್ಚಳ ಹಾಕುವುದಿಲ್ಲವೋ.

ನಿನ್ನೆ ಫೋನಿನಲ್ಲಿ ಕಲಘಟಗಿಯ ಬಣ್ಣದ ತೊಟ್ಟಿಲಿನ ಜಾಹೀರಾತು ಬಂತು. ಗೌರಿಯೂ ಮೊರಬದವರೂ ಇನ್ನೂ ಊಟ, ಚಹಾದ ಮಾತಿನಲ್ಲೇ ಇದ್ದಾರೆ, ಈ ಜಾಹೀರಾತಿನವರಿಗೆ ಏನು ಅವಸರವೋ. ಆದರೂ ಸರಿಸಿಬಿಡಲು ಮನಸ್ಸಾಗದೆ ಸ್ವಲ್ಪ ಹೊತ್ತು ಆ ತೊಟ್ಟಿಲನ್ನೇ ನೋಡುತ್ತ ಕೂತೆ. ಆಮೇಲೆ ಎದ್ದು ಹೋಗಿ ಹೋಳಿಗೆಗೆ ಕಡಲೆಬೇಳೆ ಬೇಯಲಿಟ್ಟೆ.